ಹೌದು ಕಣ್ರೀ, ಹಾಂಗ್‌ಕಾಂಗ್ ಅವರನ್ನು ವಾಪಸ್ ಕಳಿಸಿತು

ನಾನಿರುವುದು ಹಾಂಗ್‌ಕಾಂಗ್‌ನಲ್ಲಿ. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಊರು ಬಿಟ್ಟು, ದೋಣಿ ಹತ್ತಿ ಇಲ್ಲಿಗೆ ಬಂದ ಆ ದೇಶದ ಜನರ ಬಗ್ಗೆ ಓದುವ ಹುಚ್ಚು ಇದೆ ಅಂತ ಗೊತ್ತಾದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ: "ಅವರು ನಿಜವಾದ ನಿರಾಶ್ರಿತರಾ, ಇಲ್ಲಾ ದುಡ್ಡಿಗೆ ಬಂದವರಾ?" ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಈ ಲಿಂಕ್ ಕಳಿಸುತ್ತೇನೆ.

ಎರಡೂ ಥರದವರಿದ್ದರು. ಎಷ್ಟೋ ಸಲ ಒಬ್ಬರೇ ಎರಡೂ ಆಗಿದ್ದರು. ಆಯ್ತಾ?

ದೀಪಾವಳಿ ಊಟದಲ್ಲಿ ಒಬ್ಬ ಅಂಕಲ್ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಾ, "ಅಲ್ಲಮ್ಮಾ, ಯುದ್ಧ ಮುಗಿದಿದ್ದು 75ರಲ್ಲಿ. 89ರಲ್ಲಿ ಬಂದವರು ಅದ್ಯಾವ ಸೀಮೆ ನಿರಾಶ್ರಿತರು?" ಅಂದರು. ಅವರು ಬೆಂಗಳೂರು ಬಿಟ್ಟು ಬಂದಿದ್ದು ಸಂಬಳಕ್ಕೆ. ನಾನೂ ಅಷ್ಟೇ ಬಿಡಿ. ನಮ್ಮನ್ನು ಯಾರೂ ಕೇಳಲ್ಲ, ವೀಸಾ ಇದೆಯಲ್ವಾ.

ಅದರ ಬದಲು, ನಿರಾಶ್ರಿತರು ಹೌದೋ ಅಲ್ಲವೋ ಅಂತ ತೀರ್ಮಾನಿಸಿದ್ದು ಹೇಗೆ ಅಂತ ಕೇಳಿ ನೋಡೋಣ. ತಾರೀಖು ನೋಡಿ! 1988ರ ಜೂನ್ 16ಕ್ಕೆ ಮುಂಚೆ ಬಂದವರೆಲ್ಲ ನಿರಾಶ್ರಿತರು. ಶಿಬಿರದಲ್ಲಿ ಕಾದರೆ ಅಮೆರಿಕವೋ ಕೆನಡಾವೋ ಕರೆಸಿಕೊಳ್ಳುವ ಆಸೆ ಇತ್ತು. ಆವತ್ತಿನಿಂದ ಬಂದವರು ವೈಟ್‌ಹೆಡ್‌ನಂಥ ತಂತಿಬೇಲಿಯ ಶಿಬಿರದಲ್ಲಿ ಬಂದಿಗಳು. ಇಮಿಗ್ರೇಷನ್ ಅಧಿಕಾರಿಯ ಮುಂದೆ ಕೂತು, ದುಭಾಷಿಯ ಬಾಯಲ್ಲಿ, ಊರಿಗೆ ಹೋದರೆ ಕಿರುಕುಳ ತಪ್ಪಿದ್ದಲ್ಲ ಅಂತ ನಂಬಿಸಬೇಕು. ಫೇಲಾದರೆ ಮೇಲ್ಮನವಿ. ಅದೂ ಬಿದ್ದುಹೋದರೆ ವಾಪಸ್. ಗಾಳಿ ಕೈಕೊಟ್ಟು ದೋಣಿ ತಡವಾಯಿತೋ, ಕಥೆ ಮುಗೀತು. ಈ ನಿಯಮವನ್ನು ವಿಯೆಟ್ನಾಂ ಭಾಷೆಯಲ್ಲಿ ರೇಡಿಯೊದಲ್ಲಿ ಎಷ್ಟು ಸಲ ಹಾಕಿದ್ದರೆಂದರೆ, ಆ ಭಾಷೆಯ ಗಂಧಗಾಳಿ ಇಲ್ಲದ ಇಲ್ಲಿನ ಹಳಬರಿಗೂ ಪ್ರಕಟಣೆಯ ಮೊದಲ ಪದಗಳು ಬಾಯಿಪಾಠ.

ಇಲ್ಲಿನವರ ಸಿಟ್ಟು ಸುಮ್ನೆ ಬಂದಿದ್ದಲ್ಲ. ಚೀನಾದಿಂದ ನುಸುಳಿದ ಅವರದೇ ನೆಂಟರನ್ನು 1980ರಿಂದ ಸಿಕ್ಕ ಕೂಡಲೇ ಗಡಿಯಾಚೆ ಬಿಡುತ್ತಿದ್ದರು. ವಿಯೆಟ್ನಾಂನವರಿಗೆ ಮಾತ್ರ ಜಾಗ, ಊಟ? ಪಶ್ಚಿಮದ ದೇಶಗಳು ಕರೆಸಿಕೊಳ್ಳುವುದನ್ನು ಕಡಿಮೆ ಮಾಡಿದ್ದವು. 1989 ಒಂದೇ ವರ್ಷ 34 ಸಾವಿರಕ್ಕೂ ಹೆಚ್ಚು ಜನ ಬಂದಿಳಿದರು.

ಆ ವರ್ಷ ಡಿಸೆಂಬರ್ 12ರಂದು, ಬೆಳಕು ಹರಿಯುವ ಮುಂಚೆ, ಹಾಂಗ್‌ಕಾಂಗ್‌ನ ಆಗಿನ ಬ್ರಿಟಿಷ್ ಆಡಳಿತ 51 ಜನರನ್ನು ಬಲವಂತವಾಗಿ ಕೈ ಟಾಕ್ ನಿಲ್ದಾಣದಿಂದ ಹನೋಯ್ ವಿಮಾನ ಹತ್ತಿಸಿತು. ಅರ್ಧಕ್ಕಿಂತ ಜಾಸ್ತಿ ಮಕ್ಕಳು. ಅವರೂ ದುಡ್ಡಿಗೆ ಬಂದವರೇನಾ ಅಂಕಲ್?

ಒಟ್ಟು 2 ಲಕ್ಷಕ್ಕೂ ಹೆಚ್ಚು ಜನ ಬಂದರು, ಸುಮಾರು 67 ಸಾವಿರ ಜನ ವಾಪಸಾದರು. ಇನ್ನು ದುಡ್ಡಿನ ವಿಷಯವೇ ಬೇಕು ಅನ್ನುವವರಿಗೆ: ಶಿಬಿರಗಳ ಖರ್ಚಿನ ಬಾಬ್ತು ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿ ಹಾಂಗ್‌ಕಾಂಗ್‌ಗೆ ಬಾಕಿ ಉಳಿಸಿಕೊಂಡಿದ್ದು ಸುಮಾರು 116 ಕೋಟಿ ಹಾಂಗ್‌ಕಾಂಗ್ ಡಾಲರ್. ಅದನ್ನು ಮಾತ್ರ ಯಾರೂ ಕೇಳಲ್ಲ.