ಪವರ್ ಜಾಸ್ತಿ ಮಾಡಿಸೋಕೆ ಯಾವ ಹಳೇ ಡೀಸೆಲ್ ಪಿಕಪ್ ತಗೊಳ್ಳಲಿ?

"ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ತಗೊಂಡು ಪವರ್ ಜಾಸ್ತಿ ಮಾಡಿಸಬೇಕು, ಆದ್ರೆ ನಡುದಾರಿಯಲ್ಲಿ ಕೈ ಕೊಡಬಾರದು. ಯಾವುದು ತಗೊಳ್ಳಲಿ?" ಅಮೆರಿಕದಲ್ಲಿರುವ ಗೆಳೆಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಡಾಡ್ಜ್ ಗಾಡಿಯ ಕಮಿನ್ಸ್, ಷೆವರ್ಲೆ–ಜಿಎಂಸಿಯ ಡ್ಯೂರಾಮ್ಯಾಕ್ಸ್, ಫೋರ್ಡ್‌ನ ಪವರ್‌ಸ್ಟ್ರೋಕ್, ಈ ಮೂರು ಎಂಜಿನ್‌ಗಳಲ್ಲಿ ಒಂದು ಹೆಸರು ಹೇಳಲಿ ಅಂತ ಕಾಯುತ್ತಾರೆ. ನಾನು ಮೊದಲು ಹೇಳುವುದು ಬೇರೆ: ಯಾರೂ ಟ್ಯೂನ್ ಮಾಡಿಸದ, ಅಂದರೆ ಪವರ್‌ಗಾಗಿ ಎಂಜಿನ್ ಸೆಟ್ಟಿಂಗ್ ಬದಲಿಸದ, ಕಂಪನಿಯಿಂದ ಬಂದ ಹಾಗೇ ಇರುವ ಗಾಡಿ ಹುಡುಕಿ.

ದೊಡ್ಡ ಇಂಜೆಕ್ಟರ್, ದೊಡ್ಡ ಟರ್ಬೊ ಎಲ್ಲ ಹಾಕಿಸಿರುವ ಗಾಡಿ ಲಾಭದ ವ್ಯಾಪಾರ ಅನ್ನಿಸುತ್ತದೆ. ಆದರೆ ಆ ಪವರ್ ಇಟ್ಟುಕೊಂಡು ಹಿಂದಿನ ಮಾಲೀಕ ಎಷ್ಟು ಭಾರ ಎಳೆದ, ಪಿಸ್ಟನ್ ಎಷ್ಟು ಬಿಸಿ ತಿಂದಿದೆ, ಯಾರಿಗೆ ಗೊತ್ತು? ಕಣ್ಣಿಗೆ ಕಾಣುವುದು ಹೊಸ ಸಾಮಾನು ಮಾತ್ರ, ಸವೆದಿರುವುದು ಒಳಗಿದೆ.

ಇನ್ನು ಎಂಜಿನ್. ನನ್ನ ಮೊದಲ ಆಯ್ಕೆ 1994ರಿಂದ 98ರವರೆಗಿನ ಡಾಡ್ಜ್ ರ‍್ಯಾಮ್‌ನ 5.9 ಲೀಟರ್ ಕಮಿನ್ಸ್, 12 ವಾಲ್ವ್‌ನದು. ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಅದರ ಬಾಷ್ ಪಿ7100 ಪಂಪ್ ಪೂರ್ತಿ ಮೆಕ್ಯಾನಿಕಲ್. ಜಾಸ್ತಿ ಡೀಸೆಲ್ ಬೇಕು ಅಂದರೆ ಕಂಪ್ಯೂಟರ್ ಬೇಡ, ಪಂಪಿನ ಒಳಗೆ ಡೀಸೆಲ್‌ಗೆ ಮಿತಿ ಹಾಕುವ ಒಂದು ಸಣ್ಣ ಪ್ಲೇಟ್ ಇದೆ, ಅದನ್ನು ಸ್ವಲ್ಪ ಮುಂದೆ ಸರಿಸಿದರೂ ಅಥವಾ ಬದಲಾಯಿಸಿದರೂ ಗಾಡಿ ಎಳೆಯುವ ರೀತಿಯೇ ಬೇರೆ ಆಗುತ್ತದೆ. ಹಾಗಂತ ದೋಷ ಇಲ್ಲ ಅಂತಲ್ಲ. ಟೈಮಿಂಗ್ ಗೇರ್ ಇರುವ ಕಡೆ ಒಂದು ಪುಟ್ಟ ಸ್ಟೀಲ್ ಪಿನ್ ಇದೆ, ಅದು ವರ್ಷಗಳ ಅದುರುವಿಕೆಗೆ ಸಡಿಲವಾಗಿ ಗೇರ್‌ಗಳ ಮಧ್ಯೆ ಬಿದ್ದರೆ ಎಂಜಿನ್ ಕಥೆ ಮುಗಿದ ಹಾಗೆ. ಪಿನ್ ಹೊರಬರದಂತೆ ತಡೆಯುವ ಸಣ್ಣ ಪಟ್ಟಿ ಸಿಗುತ್ತದೆ. ಹಾಕಿಸಿದ್ದಾರಾ ಅಂತ ಕೇಳಿ, ಇಲ್ಲದಿದ್ದರೆ ಮೊದಲ ಕೆಲಸ ಅದೇ.

ಆದರೆ ಆ ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ವೀಕು. ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ: 1996ರಿಂದ 98ರಲ್ಲಿ ಅದೇ ಎಂಜಿನ್‌ಗೆ ಕಂಪನಿ ಮ್ಯಾನ್ಯುಯಲ್ ಗಾಡಿಯಲ್ಲಿ 215 ಹಾರ್ಸ್‌ಪವರ್ ಕೊಟ್ಟಿತ್ತು, ಆಟೋಮ್ಯಾಟಿಕ್‌ನಲ್ಲಿ 180 ಮಾತ್ರ. ಹಾಗಾಗಿ ಮ್ಯಾನ್ಯುಯಲ್ ಸಿಕ್ಕರೆ ಬಿಡಬೇಡಿ. ಆಟೋಮ್ಯಾಟಿಕ್ ಆದರೆ ಎಂಜಿನ್ ಮುಟ್ಟುವ ಮೊದಲು ಗೇರ್‌ಬಾಕ್ಸ್‌ಗೆ, ಎಂಜಿನ್ ಬಲವನ್ನು ಅದಕ್ಕೆ ದಾಟಿಸುವ ಟಾರ್ಕ್ ಕನ್ವರ್ಟರ್‌ಗೆ ದುಡ್ಡು ತೆಗೆದಿಡಿ.

ಇದರ ನಂತರದ 24 ವಾಲ್ವ್, 1998ರ ಮಧ್ಯದಿಂದ 2002ರದು, ವಿಪಿ44 ಅನ್ನುವ ಎಲೆಕ್ಟ್ರಾನಿಕ್ ಪಂಪ್‌ನದು. ಟ್ಯಾಂಕಿನಿಂದ ಡೀಸೆಲ್ ತಳ್ಳುವ ಲಿಫ್ಟ್ ಪಂಪ್ ಸೋತರೆ ಇದೂ ಹಿಂದೆಯೇ ಹೋಗುತ್ತದೆ. ಫ್ಯೂಯಲ್ ಪ್ರೆಶರ್ ಗೇಜ್ ಇಲ್ಲದೆ ಆ ಗಾಡಿ ಓಡಿಸಬೇಡಿ.

ಆಟೋಮ್ಯಾಟಿಕ್ಕೇ ಬೇಕು ಅನ್ನುವವರಿಗೆ 2006–07ರ ಡ್ಯೂರಾಮ್ಯಾಕ್ಸ್, ಎಲ್‌ಬಿಝಡ್ ಅನ್ನುವ ಕೋಡ್‌ನದು. ಆರು ಗೇರಿನ ಆಲಿಸನ್ ಬಾಕ್ಸ್ ಅದರ ದೊಡ್ಡ ಬಲ. ಆಸೆಪಟ್ಟು ವಿಪರೀತ ಟ್ಯೂನ್ ಮಾಡಿಸಿದರೆ ಪಿಸ್ಟನ್ ಬಿರುಕು ಬಿಡುತ್ತದೆ. ಫೋರ್ಡ್‌ನ 7.3 ಲೀಟರ್ ಪವರ್‌ಸ್ಟ್ರೋಕ್, 2003ರವರೆಗಿನದು, ಬಾಳಿಕೆಗೆ ಒಳ್ಳೆಯದು, ಜೋರು ಪವರ್‌ಗೆ ಅಲ್ಲ. ಅದರ ನಂತರ ಬಂದ 6.0 ಅಗ್ಗಕ್ಕೆ ಸಿಗುತ್ತದೆ, ಕಾರಣವೂ ಇದೆ: ಆಯಿಲ್ ಕೂಲರ್ ಕಟ್ಟಿಕೊಳ್ಳುತ್ತದೆ, ಎಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಸಿಲಿಂಡರ್ ಹೆಡ್ ಬಿಗಿ ಹಿಡಿಯುವ ಗಟ್ಟಿ ಹೆಡ್ ಸ್ಟಡ್ ಹಾಕಿಸಿ, ಎರಡೂ ಕೂಲರ್ ಬದಲಿಸಿದ ಬಿಲ್ ಕೈಯಲ್ಲಿ ಹಿಡಿದು ತೋರಿಸಿದರೆ ಮಾತ್ರ ಮುಂದಿನ ಮಾತು.

ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು, ಮುಂಚೆಯೇ ಹೇಳಿಟ್ಟಿರಿ. ಹೋದ ತಕ್ಷಣ ಬಾನೆಟ್ ತೆಗೆಸಿ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಯಾಕೆ ಅಂತ ಕೇಳುವುದು ನಿಮ್ಮ ಹಕ್ಕು. ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದೇ ತೂತಿನ ಮೇಲೆ ತಲೆಕೆಳಗಾಗಿ ಇಡಿ. ಸ್ವಲ್ಪ ಆವಿ ಬಂದರೆ, ಮುಚ್ಚಳ ಸಣ್ಣಗೆ ಅಲುಗಾಡಿದರೆ ಪರವಾಗಿಲ್ಲ. ಹೊಗೆ ಬುಸುಬುಸು ಅಂತ ಬಂದು ಮುಚ್ಚಳ ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ. ಅಂಥ ಎಂಜಿನ್‌ಗೆ ಪವರ್ ಸೇರಿಸೋದು ಸುಮ್ನೆ ದುಡ್ಡು ಸುರಿದ ಹಾಗೆ, ಅಲ್ವಾ?

ತಗೊಂಡ ಮೇಲೆ ಮೊದಲು ಹಾಕಿಸಬೇಕಾದದ್ದು ಟ್ಯೂನರ್ ಅಲ್ಲ, ಗೇಜ್‌ಗಳು. ಅದರಲ್ಲೂ ಎಕ್ಸಾಸ್ಟ್ ಗ್ಯಾಸ್ ಬಿಸಿ ತೋರಿಸುವ ಪೈರೋಮೀಟರ್. ಡೀಸೆಲ್ ಎಂಜಿನ್‌ಗೆ ಜಾಸ್ತಿ ಇಂಧನ ಹಾಕಿದಷ್ಟೂ ಬಿಸಿ ಏರುತ್ತದೆ. ಟರ್ಬೊಗೆ ಮುಂಚಿನ ಬಿಸಿ 1300 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 700 ಸೆಲ್ಸಿಯಸ್ ದಾಟಿ ಹಾಗೇ ನಿಂತರೆ ಅಲ್ಯೂಮಿನಿಯಂ ಪಿಸ್ಟನ್‌ಗೆ ಅಪಾಯ. ಟ್ರೇಲರ್ ಎಳೆದುಕೊಂಡು ಘಾಟಿ ಹತ್ತುವಾಗ ಕಣ್ಣು ಅದರ ಮೇಲಿರಲಿ, ಮುಳ್ಳು ಏರುತ್ತಿದ್ದರೆ ಕಾಲು ತೆಗೆದು ಒಂದು ಗೇರ್ ಇಳಿಸಿ.

ಇನ್ನೊಂದು ವಿಷಯ. 2007ರ ಹೊಸ ಹೊಗೆ ನಿಯಮದ ನಂತರ ಬಂದ ಎಂಜಿನ್‌ಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದನ್ನು ಕಿತ್ತುಹಾಕುವುದು ಅಲ್ಲಿನ ಕಾನೂನಿಗೆ ವಿರುದ್ಧ, ಉಸಿರಾಡುವವರಿಗೂ ಒಳ್ಳೆಯದಲ್ಲ. ಆದ್ದರಿಂದ 2008 ಅಥವಾ ಆಮೇಲಿನ ಗಾಡಿ ನೋಡುತ್ತಿದ್ದರೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ. ಫಿಲ್ಟರ್ ಇರಬೇಕಾದ ಜಾಗದಲ್ಲಿ ನೇರ ಪೈಪ್ ಕಂಡರೆ ಆ ಗಾಡಿ ಬಿಟ್ಟು ಮುಂದಿನದಕ್ಕೆ ಹೋಗಿ.