ಶಾಲಿನ ಹಿಂಬದಿ

ಅವ್ವನ ಜೊತೆ ಕಾಶ್ಮೀರಕ್ಕೆ ಹೋಗಿದ್ದೆ. ಗುಲ್ಮಾರ್ಗ್, ಸೋನಮಾರ್ಗ್ ಎರಡೂ ನೋಡಿದೆವು. ಹಿಮ ಇತ್ತು, ಕುದುರೆ ಇತ್ತು, ಫೋಟೋ ತೆಗೆದೆವು. ಶಿಕಾರಾ ಸವಾರಿ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಪಕ್ಕಕ್ಕೇ ದೋಣಿ ತಂದು ಮಾರುವವರ ಗದ್ದಲದಲ್ಲಿ ನೀರು ನೋಡೋಕೇ ಆಗಲಿಲ್ಲ. ಆದರೆ ಶ್ರೀನಗರದ ಹಳೇ ಭಾಗದಲ್ಲಿರುವ ಜಡಿಬಲ್‌ನ ಆ ಮನೆಯ ಮಹಡಿ ಇನ್ನೂ ಕಣ್ಣಮುಂದಿದೆ.

ಅಲ್ಲಿಗೆ ಹೋಗಿದ್ದಕ್ಕೆ ಕಾರಣ ಮೊದಲ ದಿನ ಆದ ಮೋಸ. ದಾಲ್ ಸರೋವರದ ಹತ್ತಿರ ಒಂದು ಅಂಗಡಿಯಲ್ಲಿ 'ಕೈಕಸೂತಿಯ ಪಶ್ಮಿನಾ' ಅಂತ 4,500 ರೂಪಾಯಿ ಕೊಟ್ಟು ಶಾಲು ತಗೊಂಡೆ. ಅಂಗಡಿಯವನು ಅದನ್ನು ಉಂಗುರದೊಳಗಿಂದ ಸರ್ರನೆ ಎಳೆದು ತೋರಿಸಿದ್ದ. ರಾತ್ರಿ ರೂಮಿನಲ್ಲಿ ಅವ್ವ ಶಾಲನ್ನು ತಿರುವಿ ಹಾಕಿ ಹಿಂಬದಿ ಬೆರಳಾಡಿಸಿದಳು.

"ಇದು ಮಶೀನಿಂದು ಐತಿ ನೋಡು."

ಮೇಲೆ ಕೆಂಪು ಹೂವು, ಹಸಿರು ಎಲೆ. ಕೆಳಗೆ ಮಾತ್ರ ಎಲ್ಲಕ್ಕೂ ಒಂದೇ ಬಿಳಿ ದಾರ. ಅವ್ವ ಧಾರವಾಡದವಳು, ಚಿಕ್ಕವಳಿದ್ದಾಗಿಂದ ಕಸೂತಿ ಹಾಕುತ್ತಾಳೆ. ಯಾವ ಬಟ್ಟೆ ಕೊಟ್ಟರೂ ಮೊದಲು ಹಿಂಬದಿ ನೋಡುತ್ತಾಳೆ. ಅಂಗಡಿಯಲ್ಲಿ ಅವಳನ್ನು ಕೇಳಬೇಕಿತ್ತು. ನನಗಿನ್ನೂ ಆ ಹೊಟ್ಟೆಉರಿ ಹೋಗಿಲ್ಲ. ಉಂಗುರದ ಆಟ ನಂಬಬೇಡಿ. ತೆಳ್ಳಗಿದ್ದರೆ ಯಾವ ನುಣುಪು ಬಟ್ಟೆಯಾದರೂ ಅದರಲ್ಲಿ ನುಸುಳುತ್ತೆ. ಕಾಶ್ಮೀರ ಪಶ್ಮಿನಾಗೆ 2008ರಲ್ಲೇ ಜಿಐ, ಅಂದರೆ ಅದು ಆ ಊರಿನದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಪರೀಕ್ಷೆ ಮಾಡಿ ಅಂಟಿಸಿದ ಜಿಐ ಲೇಬಲ್ ಇದೆಯಾ ಅಂತ ಕೇಳಿ. ಕಸೂತಿ ಕೈಯದೋ ಅಲ್ಲವೋ ತಿಳಿಯೋಕೆ ಶಾಲು ತಿರುವಿ ನೋಡಿ.

ನಾವು ಉಳಿದಿದ್ದ ಮನೆಯ ಯಜಮಾನರಿಗೆ ಇದನ್ನು ಹೇಳಿದಾಗ ಅವರಿಗೇ ನಾಚಿಕೆಯಾಯಿತು. ಮರುದಿನ ತಮಗೆ ಗೊತ್ತಿದ್ದ ಸೋಜ್ನಿ, ಅಂದರೆ ಕಾಶ್ಮೀರದ ಸಣ್ಣ ಸೂಜಿ ಕಸೂತಿ, ಕೆಲಸದವರ ಮನೆಗೆ ಕರೆದುಕೊಂಡು ಹೋದರು. ಸೋಜನ್ ಅಂದರೆ ಪರ್ಷಿಯನ್ ಭಾಷೆಯಲ್ಲಿ ಸೂಜಿ ಅಂತ ದಾರಿಯಲ್ಲಿ ಹೇಳಿದರು. "ಹಂಗಾರ ನಮ್ಮ ಸೂಜಿನ ಆತಲ್ಲ!" ಅಂತ ಅವ್ವನಿಗೆ ಖುಷಿ.

ಉಸ್ತಾದರಿಗೆ ಅರವತ್ತು ದಾಟಿರಬೇಕು. ಫೆರನ್ ಅನ್ನೋ ಉದ್ದ ನಿಲುವಂಗಿ ತೊಟ್ಟು ಕಿಟಕಿ ಬೆಳಕಿಗೆ ಕೂತಿದ್ದರು. ಬಟ್ಟೆ ಬಿಗಿಯೋ ಚೌಕಟ್ಟು ಏನೂ ಇಲ್ಲ. ಮಡಚಿದ ಮೊಣಕಾಲಿನ ಮೇಲೆ ಶಾಲು ಹರವಿಕೊಂಡು, ಕೂದಲಿನಂಥ ಸೂಜಿಯಿಂದ ಒಂದು ಬಾದಾಮಿ ಬುಟ್ಟಾ ತುಂಬುತ್ತಿದ್ದರು. ಒಂದು ಎಸಳು ಅಕ್ಕಿಕಾಳಿಗಿಂತ ಚಿಕ್ಕದು. ಅಷ್ಟರಲ್ಲೇ ಮೂರು ಗುಲಾಬಿ ಛಾಯೆ.

ಉಪ್ಪು ಹಾಕಿದ ನೂನ್ ಚಾಯ್ ಬಂತು, ಜೊತೆಗೆ ಬಿಸಿ ಗಿರ್ದಾ ರೊಟ್ಟಿ. ನನಗೆ ತುಂಬಾ ಇಷ್ಟವಾಯಿತು. ಅವ್ವ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟಳು. ಅವಳ ಕಣ್ಣೆಲ್ಲ ಶಾಲಿನ ಮೇಲೆ.

"ಗೆರಿ ಯಾರು ಹಾಕಿದ್ರು ಕೇಳು" ಅಂದಳು. ಅವ್ವನ ಧಾರವಾಡದ ಹಿಂದಿ, ಉಸ್ತಾದರ ಕಾಶ್ಮೀರಿ ಹಿಂದಿ, ನಡುವೆ ನಾನು. ನಕ್ಷೆ ಬರೆಯುವ ನಕ್ಕಾಶ್ ಬೇರೆಯೇ ಇರುತ್ತಾರೆ, ಆಕ್ರೋಟ್ ಮರದ ಅಚ್ಚಿನಿಂದ ಒತ್ತಿ ಕೊಡುತ್ತಾರೆ, ಕೊನೆಗೆ ಒಗೆದಾಗ ಗೆರೆ ಹೋಗುತ್ತೆ ಅಂದರು. ಲಡಾಖಿನ ಚಾಂಗ್‌ಥಾಂಗ್ ಮೇಕೆಯ ಉಣ್ಣೆ ನೂಲುವವರು ಬೇರೆ, ನೇಯುವವರು ಬೇರೆ, ಬಣ್ಣದವರು, ಒಗೆಯುವವರು ಬೇರೆ.

"ನಾವು ಗೆರಿ ಹಾಕಂಗಿಲ್ಲ. ಎಳಿ ಎಣಿಸ್ತೀವಿ" ಅಂದಳು ಅವ್ವ. ನಾನು ಹಿಂದಿಯಲ್ಲಿ ಹೇಳಿದೆ. ಉಸ್ತಾದರ ಸೂಜಿ ನಿಂತಿತು.

"ಎಣಿಸಿಯೇ? ಪೂರಾ ಸೀರೆ?"

ಅವ್ವ ತನ್ನ ಇಳಕಲ್ಲು ಸೀರೆಯ ಸೆರಗು ಮುಂದೆ ಚಾಚಿದಳು. ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆ. ಅವರು ಕನ್ನಡಕ ಏರಿಸಿ, ಸೆರಗು ತಿರುವಿ ನೋಡಿದರು. ಗಂಟು ಹುಡುಕಿದರು. ಸಿಗಲಿಲ್ಲ. ಆಮೇಲೆ ತಮ್ಮ ಶಾಲನ್ನು ತಿರುವಿ ಅವ್ವನ ತೊಡೆ ಮೇಲೆ ಹಾಕಿದರು. ಅದರಲ್ಲೂ ಗಂಟಿಲ್ಲ. ಅದು ದೋರುಖಾ, ಎರಡೂ ಬದಿ ಒಂದೇ ಥರ. ಅವ್ವ ಒಂದು ಬುಟ್ಟಾದ ಮೇಲೆ ಬೆರಳಿಟ್ಟು ಸುಮ್ನೆ ಕೂತುಬಿಟ್ಟಳು.

ಮೈತುಂಬ ಕೆಲಸ ಇರುವ ಆ ಶಾಲು ಮುಗಿಯೋಕೆ ಎರಡು ವರ್ಷ ಬೇಕಂತೆ. ಆದರೆ ಅದು ಅವರದಲ್ಲ, ವ್ಯಾಪಾರಿಯದು. ಅವರಿಗೆ ಸಿಗುವುದು ಕೂಲಿ. ಮಗ ಟ್ಯಾಕ್ಸಿ ಓಡಿಸುತ್ತಾನೆ, ಸೂಜಿ ಮುಟ್ಟಲ್ಲ. "ಅವನ ಕಣ್ಣಾದರೂ ಉಳಿಯಲಿ ಬಿಡಿ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಕೈಕೆಲಸ ಅಂತ ಮಶೀನಿನದು ಮಾರುವವರ ಮೇಲೆ ಆಗ ಬಂದ ಸಿಟ್ಟು ನನ್ನ 4,500 ರೂಪಾಯಿಗಾಗಿ ಬಂದದ್ದಕ್ಕಿಂತ ಜಾಸ್ತಿ.

ಹೊರಡುವ ಮುಂಚೆ ಅವರು ದಪ್ಪ ನೇಯ್ಗೆಯ ಒಂದು ಉಣ್ಣೆ ತುಂಡು, ಕೆಂಪು ದಾರ ಕೊಟ್ಟು, "ಮಾತಾಜಿ, ತೋರಿಸಿ" ಅಂದರು. ಅವ್ವ ಎಳೆ ಎಣಿಸಿ ಕಸೂತಿಯ ಗವಂತಿ ಹೊಲಿಗೆ ಹಾಕಿದಳು. ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬುತ್ತಾ. ಹೆಬ್ಬೆರಳಿನಷ್ಟು ಗೋಪುರ ಎದ್ದಿತು. ಅವರು ಅದನ್ನು ಕಿಟಕಿಗೆ ಹಿಡಿದರು, ತಿರುವಿದರು, ಮತ್ತೆ ತಿರುವಿದರು. ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು.

ನಾವು ಮೆಟ್ಟಿಲಿಳಿಯುವಾಗ ಆ ತುಂಡನ್ನು ದಾರದ ಡಬ್ಬಿಯಲ್ಲಿ ಮಡಚಿ ಇಡುತ್ತಿದ್ದರು.