ನೂರು ಆಟದ ಕೌದಿ: ಶ್ರೈನ್ ಬೌಲ್ ಚರಿತ್ರೆ ಹೊಲಿಯುವ ಕೆಲಸ ಎಲ್ಲಿಗೆ ಬಂತು

ಫೆಬ್ರವರಿ 9, 2025

ಕೌದಿಯ ಲೆಕ್ಕ ಇವತ್ತು ಸರಿ ಕೂತಿತು. ಹತ್ತು ಸಾಲು, ಸಾಲಿಗೆ ಹತ್ತು ಚೌಕ. ಒಂದೊಂದು ಚೌಕ ಒಂದೊಂದು ವರ್ಷದ ಆಟಕ್ಕೆ, ಬಣ್ಣ ಆ ಆಟ ನಡೆದ ಮೈದಾನದ ಲೆಕ್ಕಕ್ಕೆ. ಆರಿಂಚಿನ ಚೌಕ, ಒಳಗೆ ಮಡಚೋಕೆ ಸುತ್ತ ಅರ್ಧ ಇಂಚು ಹೆಚ್ಚು. ಅಂಚು ಬಿಟ್ಟು ಐದಡಿಗೆ ಐದಡಿ ಆಗುತ್ತೆ.

ಆಟ ಅಂದ್ರೆ ಈಸ್ಟ್-ವೆಸ್ಟ್ ಶ್ರೈನ್ ಬೌಲ್. ಇದು ಅಮೆರಿಕದ ಫುಟ್‌ಬಾಲ್, ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡ್ತಾರೆ. ಕಾಲೇಜಿನ ಕೊನೆ ವರ್ಷದ ಒಳ್ಳೊಳ್ಳೆ ಆಟಗಾರರನ್ನು ದೇಶದ ಎಲ್ಲ ಕಡೆಯಿಂದ ಆರಿಸಿ, ಪೂರ್ವ, ಪಶ್ಚಿಮ ಅಂತ ಎರಡು ತಂಡ ಮಾಡಿ, ವರ್ಷಕ್ಕೊಂದು ಸಲ ಆಡಿಸ್ತಾರೆ. ಆಟದ ಹೆಸರಲ್ಲಿ ಕೂಡುವ ಹಣ ಶ್ರೈನರ್ಸ್ ಮಕ್ಕಳ ಆಸ್ಪತ್ರೆಗಳಿಗೆ. ಹತ್ತು ದಿನದ ಹಿಂದೆ, ಜನವರಿ 30ರಂದು, ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ 100ನೇ ಆಟ ಆಯ್ತು. ಅದನ್ನು ನೋಡ್ತಾ ನೋಡ್ತಾನೇ ಕೌದಿಯ ಯೋಚನೆ ಬಂತು.

ನಾನಿರೋದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಬೆಳಗ್ಗೆ ನಡೆಯೋಕೆ ಹೋಗೋದು ಕೀಜರ್ ಮೈದಾನಕ್ಕೆ. ಈ ಆಟ ಸುಮಾರು 40 ವರ್ಷ ನಡೆದಿದ್ದು ಅಲ್ಲೇ ಅಂತ ಗೊತ್ತಾದ ದಿನದಿಂದ ಇದರ ಬೆನ್ನು ಹತ್ತಿದ್ದೇನೆ.

ಇನ್ನೊಂದು ಕಾರಣ ನನ್ನ ಸೋದರಮಾವ. ಎರಡು ವರ್ಷದ ಕೂಸಾಗಿದ್ದಾಗ ಅವನಿಗೆ ಪೋಲಿಯೊ ಬಂತು. ಎಡಗೈಯಲ್ಲಿ ಎಡ ಮೊಣಕಾಲು ಒತ್ತಿ ಹಿಡಿದು, ಹೆಜ್ಜೆಗೊಮ್ಮೆ ಬಗ್ಗಿ ನಡೀತಿದ್ದ. ಅವನ ಎಲ್ಲ ಪ್ಯಾಂಟಿನಲ್ಲೂ ಎಡ ಮೊಣಕಾಲಿನ ಜಾಗ ಮಾತ್ರ ಸವೆದು ತೆಳ್ಳಗಾಗಿರ್ತಿತ್ತು. ಅವ್ವ ಅದಕ್ಕೆ ಒಳಗಿಂದ ತೇಪೆ ಹಾಕ್ತಿದ್ದಳು. ಈ ಆಸ್ಪತ್ರೆಗಳು ಶುರುವಾಗಿದ್ದೂ ಅಂಥ ಮಕ್ಕಳಿಗಾಗಿಯೇ.

ಫೆಬ್ರವರಿ 16

ಧಾರವಾಡದ ಕಡೆಯಿಂದ ಅವ್ವನ ಫೋನು. ವಿಡಿಯೊದಲ್ಲಿ ಚೌಕಗಳನ್ನು ತೋರಿಸಿದೆ. ಮೊದಲು ಅವಳು ಕೇಳಿದ್ದು ಇದು: "ಅಲ್ಲಬೇ, ಚಂಡ ಆಡಿದ್ರ ಕೂಸಿನ ಕಾಲ ಹೆಂಗ ನೆಟ್ಟಗ ಆಗತಾವ?"

ಹೇಳಿದೆ. ಶ್ರೈನರ್ಸ್ ಅಂದ್ರೆ ಫ್ರೀಮೇಸನ್ ಅನ್ನೋ ಹಳೆಯ ಸೋದರ ಕೂಟದವರ ನಡುವೆ 1872ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಸಂಘ. ಗೊಂಡೆ ಇರುವ ಕೆಂಪು ಟೋಪಿ ಹಾಕ್ತಾರೆ. ಮೊದಮೊದಲು ಸ್ನೇಹ, ಊಟ, ಮೆರವಣಿಗೆ, ಇಷ್ಟೇ. 1920ರಲ್ಲಿ ಆರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಅವರ ದೊಡ್ಡ ಸಭೆ ಸೇರಿತು. ಅಂಗವಿಕಲ ಮಕ್ಕಳಿಗೆ ಆಸ್ಪತ್ರೆ ಕಟ್ಟೋಣ, ಒಬ್ಬೊಬ್ಬ ಸದಸ್ಯ ವರ್ಷಕ್ಕೆ 2 ಡಾಲರ್ ಕೊಡಲಿ ಅಂತ ಅವರ ಮುಖಂಡ ಫ್ರೀಲ್ಯಾಂಡ್ ಕೆಂಡ್ರಿಕ್ ಮಾತೆತ್ತಿದರು. ಹಲವರು ಹಿಂದೆಮುಂದೆ ನೋಡಿದರು. ಆಗ ಅಟ್ಲಾಂಟಾದ ಫಾರೆಸ್ಟ್ ಅಡೇರ್ ಎದ್ದು ನಿಂತರು. ರಾತ್ರಿ ನಿದ್ದೆಯಿಲ್ಲದೆ ಮಲಗಿದ್ದಾಗ ಬೀದಿಯಲ್ಲಿ ಯಾರೋ ಸೋಪಿನ ಗುಳ್ಳೆಯ ಮೇಲಿನ ಹಾಡೊಂದನ್ನು ಊದುತ್ತಾ ಹೋದ ಕಥೆ ಹೇಳಿದರು. ನಾವೂ ಇಷ್ಟು ವರ್ಷ ಬರೀ ಗುಳ್ಳೆ ಊದಿದ್ದು ಸಾಕು ಅನ್ನೋದು ಅವರ ಮಾತಿನ ತಿರುಳು. ಠರಾವು ಪಾಸಾಯ್ತು. 1922ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಮೊದಲ ಆಸ್ಪತ್ರೆ ತೆರೆಯಿತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಒಂದು. ಅದನ್ನು ನಡೆಸೋಕೆ ದುಡ್ಡು ಬೇಕಲ್ವಾ? ಅದಕ್ಕೆ ಇಲ್ಲಿನ ಶ್ರೈನರ್ಸ್ 1925ರಲ್ಲಿ ಈ ಆಟ ಶುರು ಮಾಡಿದರು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾರ ನನ್ನ ಹಸರು ಇಳಕಲ್ ಸೀರಿ ಕಳಸ್ತೀನಿ" ಅಂದಳು.

ಮಾರ್ಚ್ 2

ಇವತ್ತು ಸೂಜಿ ಮುಟ್ಟಲಿಲ್ಲ. ಮೊದಲ ಚೌಕದ ಜಾಗ ಹುಡುಕಿಕೊಂಡು ಹೋದೆ.

ಮೊದಲ ಆಟ 1925ರ ಡಿಸೆಂಬರ್ 26ರಂದು, ಯೂಯಿಂಗ್ ಫೀಲ್ಡ್‌ನಲ್ಲಿ. ಪಶ್ಚಿಮ 6, ಪೂರ್ವ 0. ಯೂಯಿಂಗ್ ಫೀಲ್ಡ್ ಅನ್ನು 1914ರಲ್ಲಿ ಬೇಸ್‌ಬಾಲ್‌ಗೆ ಅಂತ ಕಟ್ಟಿದ್ದರು. ಆದರೆ ಅಲ್ಲಿನ ಮಂಜಿಗೆ ಬೇಸತ್ತು ಬೇಸ್‌ಬಾಲ್ ತಂಡ ಬೇಗನೆ ಬಿಟ್ಟು ಹೋಯ್ತು. 1926ರಲ್ಲಿ ಬೆಂಕಿ ಬಿದ್ದು ಅದರ ಮರದ ಮೆಟ್ಟಿಲುಗಳು ಸುಟ್ಟುಹೋದವು. ಶ್ರೈನ್ ಆಟಕ್ಕೆ ಆ ಮೈದಾನ ಸಿಕ್ಕಿದ್ದು ಒಂದೇ ಒಂದು ಸಲ.

ಈಗ ಅಲ್ಲಿ ಯೂಯಿಂಗ್ ಟೆರೇಸ್ ಅನ್ನೋ ಸಣ್ಣ ಬೀದಿ, ಒತ್ತೊತ್ತಾಗಿ ಮನೆಗಳು. ನಾನು ಹೋದಾಗ ಮಧ್ಯಾಹ್ನ ಎರಡು ಗಂಟೆ. ಮಂಜು ಆಗಲೇ ಇಳಿಯುತ್ತಿತ್ತು. ಒಂದು ಮನೆಯ ಮೆಟ್ಟಿಲ ಮೇಲೆ ಮಗುವಿನ ಮಳೆಬೂಟು ಜೋಡಿಸಿಟ್ಟಿದ್ದರು. ಹತ್ತು ನಿಮಿಷ ಸುಮ್ನೆ ನಿಂತಿದ್ದು ಬಂದೆ. ಮೊದಲ ಚೌಕಕ್ಕೆ ಮಂಜಿನ ಬೂದಿ ಬಣ್ಣ ಅಂತ ಅಲ್ಲೇ ತೀರ್ಮಾನ ಆಯ್ತು.

ಮಾರ್ಚ್ 15

ವರ್ಷಗಳ ಲೆಕ್ಕದಲ್ಲಿ ಎರಡು ದಿನ ಒದ್ದಾಡಿದೆ. ಇಂಥ ಪಟ್ಟಿ ಮಾಡುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೀತಿದ್ದೇನೆ.

ಆಟ ಕೆಲವೊಮ್ಮೆ ಡಿಸೆಂಬರ್ ಕೊನೆಗೆ, ಕೆಲವೊಮ್ಮೆ ಜನವರಿಯಲ್ಲಿ. ಹೀಗಾಗಿ 1926ನೇ ಇಸವಿಯಲ್ಲಿ ಆಟವೇ ಇಲ್ಲ. 1927ರಲ್ಲಿ ಎರಡು, ಒಂದು ಜನವರಿ 1ಕ್ಕೆ, ಇನ್ನೊಂದು ಡಿಸೆಂಬರ್ 26ಕ್ಕೆ. ಇಸವಿ ಹಿಡಿದು ಹೊಲಿದರೆ ಸಾಲು ಕೆಡುತ್ತೆ. ವರ್ಷದ ಕೊನೆ ತಿಂಗಳುಗಳಲ್ಲಿ ನಡೆದು ಜನವರಿಗೆ ಮುಗಿಯುವ ಕಾಲೇಜಿನ ಆಟದ ಋತು ಹಿಡಿದರೆ ಎಲ್ಲ ಸಲೀಸು. 1925ರ ಋತು ಒಂದನೇ ಚೌಕ, 1926ರ ಋತು ಎರಡನೇದು. ಹೀಗೇ ಹೋದರೆ 2024ರ ಋತು ಸರಿಯಾಗಿ ನೂರನೇ ಚೌಕ.

ಆದರೆ 2021ರಲ್ಲಿ ಕೊರೊನಾದಿಂದ ಆಟ ನಡೆಯಲೇ ಇಲ್ಲ. ಅಂದ್ರೆ ಮೈದಾನದಲ್ಲಿ ಆಡಿದ್ದು 99. ಸಂಘಟಕರು ಮಾತ್ರ ಆ ವರ್ಷವನ್ನೂ ಎಣಿಕೆಯಲ್ಲಿ ಉಳಿಸಿಕೊಂಡಿದ್ದಾರೆ. ಅದು 96ನೇದು. ನಾನೂ ಉಳಿಸಿಕೊಳ್ತೀನಿ. ಆ ವರ್ಷವೂ ಆಸ್ಪತ್ರೆಯಲ್ಲಿ ಮಕ್ಕಳು ಇದ್ದರು ತಾನೇ?

ಮಾರ್ಚ್ 29

ಅವ್ವನ ಸೀರೆ ಬಂತು. ಮಡಿಕೆಯಲ್ಲಿ ಇನ್ನೂ ಡಾಂಬರು ಗುಳಿಗೆಯ ವಾಸನೆ. ಕೀಜರ್ ಚೌಕಗಳೆಲ್ಲ ಇದರದ್ದೇ, ಅಲ್ಲಿನ ಹುಲ್ಲಿನ ಲೆಕ್ಕಕ್ಕೆ.

ಈ ಮೈದಾನವೂ ದಾನದಿಂದಲೇ ಹುಟ್ಟಿದ್ದು. ಮೇರಿ ಕೀಜರ್ ಅನ್ನುವವರು ತಮ್ಮ ತಾಯಿ ಮತ್ತು ಮಾವಂದಿರ ನೆನಪಿಗೆ ಅಂತ 1,00,000 ಡಾಲರ್ ಬಿಟ್ಟು ಹೋಗಿದ್ದರು. ಅದಕ್ಕೆ ನಗರದ ಹಣವೂ ಸೇರಿ 1925ರಲ್ಲಿ ಗೋಲ್ಡನ್ ಗೇಟ್ ಪಾರ್ಕಿನ ಮೂಲೆಯಲ್ಲಿ ಮೈದಾನ ಎದ್ದಿತು. 50 ಸಾವಿರಕ್ಕೂ ಜಾಸ್ತಿ ಜನ ಕೂರುತ್ತಿದ್ದರು. ಹಳೆಯದನ್ನು 1989ರಲ್ಲಿ ಕೆಡವಿದರು. ಈಗಿರೋದು ಅದೇ ಜಾಗದ ಚಿಕ್ಕ ಮೈದಾನ, ಸುತ್ತ ಓಟದ ದಾರಿ.

ಮೊದಲ ಸಾಲಿನ ಕೊನೆ ಚೌಕಕ್ಕೆ ಸಣ್ಣ ನಕ್ಷತ್ರ ಹಾಕಿದೆ. ಅದು 1935ರ ಜನವರಿ 1ರ ಆಟ. ಅವತ್ತು ಪೂರ್ವ ತಂಡದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜೆರಾಲ್ಡ್ ಫೋರ್ಡ್ ಇದ್ದರು, ಮುಂದೆ ಅಮೆರಿಕದ ಅಧ್ಯಕ್ಷರಾದವರು. ಆಟ ಮುಗಿದ ಮೇಲೆ ವೃತ್ತಿ ತಂಡಗಳಿಂದ ಕರೆ ಬಂದರೂ ಹೋಗದೆ, ಯೇಲ್‌ನಲ್ಲಿ ತರಬೇತಿ ಕೊಡುವ ಕೆಲಸ ಹಿಡಿದು, ಅಲ್ಲೇ ಕಾನೂನು ಓದಿದರು.

ಏಪ್ರಿಲ್ 6

ಇವತ್ತು ಕೆಲಸ ಕೆಟ್ಟಿತು. ಮುಂದೆ ಈ ಆಟ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೈದಾನದಲ್ಲೂ ನಡೆಯಿತು. ಆ ಚೌಕಗಳಿಗೆ ದಾಳಿಂಬೆ ಕೆಂಪು ಬಟ್ಟೆ ತಂದಿದ್ದೆ, ಅದು ಆ ವಿಶ್ವವಿದ್ಯಾಲಯದ ಬಣ್ಣ. ಒಗೆಯುವಾಗ ಬೂದಿ ಬಟ್ಟೆಯ ಜೊತೆ ಹಾಕಿಬಿಟ್ಟೆ. ಬಣ್ಣ ಬಿಟ್ಟು ಬೂದಿಯೆಲ್ಲ ಗುಲಾಬಿ ಆಯ್ತು. ಹೊಸ ಬೂದಿ ಬಟ್ಟೆ ತರಬೇಕಾಯ್ತು. ಕೆಂಪನ್ನು ಈಗ ಉಪ್ಪುನೀರಿನಲ್ಲಿ ನೆನೆಸಿ, ನೀರು ತಿಳಿಯಾಗುವ ತನಕ ಐದು ಸಲ ಜಾಲಾಡಿದ್ದೇನೆ. ಕೌದಿಗೆ ಕೈ ಹಾಕುವವರು ಈ ಕೆಲಸ ಮೊದಲೇ ಮಾಡಿಕೊಳ್ಳಿ.

ಏಪ್ರಿಲ್ 19

ಎರಡನೇ ಸಾಲು, ಏಳನೇ ಚೌಕ. ಸುತ್ತ ಎಲ್ಲ ಹಸಿರು, ನಡುವೆ ಇದೊಂದೇ ಹಳದಿ ಖಣ.

1941ರ ಡಿಸೆಂಬರ್ 7ಕ್ಕೆ ಪರ್ಲ್ ಹಾರ್ಬರ್ ಮೇಲೆ ದಾಳಿ ಆಯ್ತು. ಪಶ್ಚಿಮ ಕರಾವಳಿಯಲ್ಲಿ ಸಾವಿರಾರು ಜನ ಒಂದೇ ಕಡೆ ಸೇರೋದು ಅಪಾಯ ಅಂತ ಸೇನೆಗೆ ಅನ್ನಿಸಿತು. ಕ್ಯಾಲಿಫೋರ್ನಿಯಾದ ಇನ್ನೊಂದು ದೊಡ್ಡ ಕಾಲೇಜು ಆಟ ರೋಸ್ ಬೌಲ್ ಅನ್ನು ನಾರ್ತ್ ಕರೊಲಿನಾದ ಡರ್ಹಮ್‌ಗೆ ಸಾಗಿಸಿದರು. ಶ್ರೈನ್ ಆಟ 1942ರ ಜನವರಿ 3ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯಿತು. ನಾಲ್ಕು ವಾರದೊಳಗೆ ದೇಶದ ಇನ್ನೊಂದು ಮಗ್ಗುಲಿಗೆ ಇಡೀ ಆಟವನ್ನೇ ಎತ್ತಿಕೊಂಡು ಹೋದರಲ್ಲ! ನಿಲ್ಲಿಸಿಬಿಡೋದು ಎಷ್ಟೋ ಸುಲಭ ಇತ್ತು. ಮರುವರ್ಷವೇ ಮತ್ತೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು, ಯುದ್ಧ ಇನ್ನೂ ನಡೀತಿರುವಾಗಲೇ.

ಮೇ 4

ಮೂರನೇ ಸಾಲು ಮುಗಿಯಿತು. ನಾಲ್ಕನೇ ಸಾಲನ್ನು ಅದಕ್ಕೆ ಜೋಡಿಸಲು ಕೂತಾಗ ಪಟ್ಟಿ ನೋಡಿ ಕೈ ನಿಂತುಬಿಟ್ಟಿತು.

30ನೇ ಚೌಕ 1954ರ ಋತು. 31ನೇದು 1955ರ ಋತು. ಇವೆರಡರ ನಡುವೆ, 1955ರ ಏಪ್ರಿಲ್ 12ರಂದು, ಜೋನಾಸ್ ಸಾಲ್ಕ್ ಅವರ ಪೋಲಿಯೊ ಲಸಿಕೆ ಕೆಲಸ ಮಾಡುತ್ತೆ ಅಂತ ಜಗತ್ತಿಗೆ ಹೇಳಿದರು. ಅಂದ್ರೆ ಆ ಸುದ್ದಿಯ ಜಾಗ ಸರಿಯಾಗಿ ಮೂರನೇ ಸಾಲಿಗೂ ನಾಲ್ಕನೇ ಸಾಲಿಗೂ ನಡುವಿನ ಹೊಲಿಗೆ. ನಾನು ಲೆಕ್ಕ ಹಾಕಿ ಇಟ್ಟಿದ್ದಲ್ಲ. ಹತ್ತು ಹತ್ತು ಜೋಡಿಸಿದ್ದಕ್ಕೆ ತಾನಾಗೇ ಅಲ್ಲಿಗೆ ಬಂತು.

ಅದರ ಮೇಲಿನ ಮೂರು ಸಾಲಿನ ಕಾಲದಲ್ಲಿ ಅಪ್ಪ ಅಮ್ಮಂದಿರು ಬೇಸಿಗೆ ಬಂತು ಅಂದ್ರೆ ಹೆದರುತ್ತಿದ್ದರು. ಕೆಳಗಿನ ಏಳು ಸಾಲಿನಲ್ಲಿ ಆ ಹೆದರಿಕೆ ಅಮೆರಿಕದಿಂದ ಮೆಲ್ಲಗೆ ಕರಗಿತು. ಆಸ್ಪತ್ರೆಗಳು ಬಾಗಿಲು ಹಾಕಲಿಲ್ಲ. 1960ರ ದಶಕದಲ್ಲಿ ಸುಟ್ಟ ಗಾಯದ ಮಕ್ಕಳಿಗೆ ಅಂತಲೇ ಗ್ಯಾಲ್ವೆಸ್ಟನ್, ಸಿನ್ಸಿನಾಟಿ, ಬಾಸ್ಟನ್‌ನಲ್ಲಿ ಹೊಸ ಆಸ್ಪತ್ರೆ ತೆರೆದರು. 1980ರ ದಶಕದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಮಕ್ಕಳ ಕಡೆಗೂ ಗಮನ ಕೊಟ್ಟರು.

ನಮ್ಮ ಮಾವ ಹುಟ್ಟಿದ್ದು 1963ರಲ್ಲಿ. ಲಸಿಕೆ ಬಂದು ಎಂಟು ವರ್ಷ ಆಗಿತ್ತು, ಆದರೆ ಅದು ನಮ್ಮೂರಿಗೆ ಇನ್ನೂ ತಲುಪಿರಲಿಲ್ಲ. ಭಾರತದ ಕೊನೆಯ ಪೋಲಿಯೊ ಪ್ರಕರಣ ಕಂಡಿದ್ದು 2011ರ ಜನವರಿಯಲ್ಲಿ. 2014ರಲ್ಲಿ ದೇಶ ಪೋಲಿಯೊ ಮುಕ್ತ ಅಂತ ಸಾರಿದರು. ಈ ಒಂದು ಹೊಲಿಗೆಗೆ ಬಿಳಿ ದಾರ ಬಿಟ್ಟು ಕೆಂಪು ದಾರ ಹಾಕಿದೆ. ಅವ್ವ ನೋಡಿ ಏನೂ ಕೇಳಲಿಲ್ಲ. "ದಾರ ಬಾಳ ಜಗ್ಗಬ್ಯಾಡವಾ, ಅರಿವಿ ಸುಕ್ಕ ಬೀಳತೈತಿ" ಅಂತಷ್ಟೇ ಅಂದಳು.

ಮೇ 25

ಐದರಿಂದ ಎಂಟನೇ ಸಾಲು ಬೇಗ ಸಾಗಿತು. ಕೀಜರ್ ಆದ ಮೇಲೆ ಗಾಳಿಗೆ ಹೆಸರಾದ ಕ್ಯಾಂಡಲ್‌ಸ್ಟಿಕ್ ಪಾರ್ಕ್, ನಡುವೆ ಓಕ್ಲೆಂಡ್. 1974ರ ಕೊನೆಯಿಂದ 2000ದ ಜನವರಿವರೆಗೆ ಸ್ಟ್ಯಾನ್‌ಫರ್ಡ್. ಒಂದೇ ಬಣ್ಣ, ಕಣ್ಣುಮುಚ್ಚಿ ಹೊಲಿಯಬಹುದು.

75ನೇ ಚೌಕಕ್ಕೂ ನಕ್ಷತ್ರ ಹಾಕಿದೆ. 2000ದ ಜನವರಿಯ ಆ ಆಟದಲ್ಲಿ ಟಾಮ್ ಬ್ರೇಡಿ ಇದ್ದರು. ಅವರ ಊರು ಸ್ಯಾನ್ ಮಟಿಯೊ ಸ್ಟ್ಯಾನ್‌ಫರ್ಡ್‌ಗೆ ಹತ್ತಿರವೇ. ಕೆಲವೇ ತಿಂಗಳಲ್ಲಿ ವೃತ್ತಿ ತಂಡಗಳು ಆಟಗಾರರನ್ನು ಆರಿಸುವಾಗ 198 ಜನರ ಹೆಸರು ಕೂಗಿದ ಮೇಲೆ ಅವರ ಸರದಿ ಬಂತು. ಮುಂದೆ ವೃತ್ತಿ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಅನ್ನು ಏಳು ಸಲ ಗೆದ್ದರು. ತಂಡಗಳ ಕಡೆಯವರು ಈಗಲೂ ಈ ಆಟದ ಅಭ್ಯಾಸ ನೋಡೋಕೆ ಬಂದು ಕೂರ್ತಾರೆ. ಆಟಗಾರರಿಗೆ ಇದು ಕೆಲಸದ ಸಂದರ್ಶನ ಇದ್ದ ಹಾಗೆ. ಅದರ ನಡುವೆಯೇ ಅವರನ್ನು ಆಸ್ಪತ್ರೆಯ ಮಕ್ಕಳ ಜೊತೆ ಕೂರಿಸ್ತಾರೆ. ನನಗೆ ಈ ಪದ್ಧತಿ ತುಂಬಾ ಹಿಡಿಸಿದೆ.

ಜೂನ್ 14

ನೂರು ಚೌಕವೂ ಜೋಡಿಸಿ ಆಯ್ತು. ನೆಲದ ಮೇಲೆ ಹಾಸಿ, ಕುರ್ಚಿ ಹತ್ತಿ ನೋಡಿದೆ.

ಮೇಲಿನ ಎಂಟು ಸಾಲಿನಲ್ಲಿ ಆ ಒಂದು ಹಳದಿ ಚೌಕ ಬಿಟ್ಟರೆ ಎಲ್ಲವೂ ಇಲ್ಲಿನ ಕೊಲ್ಲಿಯ ಸುತ್ತಮುತ್ತಲಿನವೇ. 80ನೇ ಆಟ 2005ರಲ್ಲಿ. ಅಲ್ಲಿಗೆ ಸ್ಯಾನ್ ಫ್ರಾನ್ಸಿಸ್ಕೊ ಋಣ ತೀರಿತು. ಒಂಬತ್ತನೇ ಸಾಲಿನಿಂದ ಬಣ್ಣಗಳು ಚೆಲ್ಲಾಪಿಲ್ಲಿ. ಸ್ಯಾನ್ ಆಂಟೋನಿಯೊ ಒಂದು, ಹ್ಯೂಸ್ಟನ್ ಮೂರು, ಒರ್ಲಾಂಡೊ ಎರಡು, ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಒಂಬತ್ತು, ಲಾಸ್ ವೇಗಸ್ ಎರಡು, ಫ್ರಿಸ್ಕೊ ಒಂದು, ಆರ್ಲಿಂಗ್ಟನ್ ಒಂದು. ಪಟ್ಟಿಯಲ್ಲಿ ಓದಿದಾಗ ಇದು ಇಷ್ಟು ಎದ್ದು ಕಂಡಿರಲಿಲ್ಲ. ಆಟಕ್ಕಿಂತ ಮೊದಲೇ, 1997ರಲ್ಲಿ, ಇಲ್ಲಿನ ಆಸ್ಪತ್ರೆಯೂ ಸ್ಯಾಕ್ರಮೆಂಟೊಗೆ ಹೋಗಿತ್ತು. 19ನೇ ಅವೆನ್ಯೂದ ಹಳೆಯ ಇಟ್ಟಿಗೆ ಕಟ್ಟಡ ಇನ್ನೂ ಇದೆ. ಅದರ ಮುಂದೆ ಬಸ್ಸಿನಲ್ಲಿ ಹೋಗುವಾಗ ಈಗ ತಿರುಗಿ ನೋಡ್ತೀನಿ.

96ನೇ ಚೌಕಕ್ಕೆ 2020ರಲ್ಲಿ ಮಾಸ್ಕ್ ಹೊಲಿದು ಉಳಿದಿದ್ದ ತಿಳಿನೀಲಿ ಹತ್ತಿ ಬಟ್ಟೆ ಹಾಕಿದೆ. ಅದರ ಮೇಲೆ ಮೈದಾನದ ಗುರುತು ಹೊಲಿಯಲಿಲ್ಲ.

ಜೂನ್ 29

ಅಂಚು ಶುರು. ಶ್ರೈನರ್ಸ್ ಟೋಪಿಯ ಕೆಂಪು, ನಾಲ್ಕು ಮೂಲೆಗೆ ಕಪ್ಪು ಗೊಂಡೆ. ಅಂಚಿನಲ್ಲಿ ಈ ಆಟದ ಹಳೆಯ ಘೋಷವಾಕ್ಯ ಕನ್ನಡದಲ್ಲಿ ಬರಬೇಕು. ಬಲವಾದ ಕಾಲುಗಳು ಓಡೋದು ಬಲವಿಲ್ಲದ ಕಾಲುಗಳು ನಡೆಯಲಿ ಅಂತ, ಅನ್ನೋದು ಅದರ ಅರ್ಥ. ನಾಲ್ಕು ದಿನ ಬರೆದು ಬರೆದು ಹರಿದೆ. ಕೊನೆಗೆ ಉಳಿದದ್ದು: "ಗಟ್ಟಿ ಕಾಲು ಓಡಲಿ, ಸೋತ ಕಾಲು ನಡೆಯಲಿ."

ಕಸೂತಿಯ ನೇಗಿ ಹೊಲಿಗೆಯಲ್ಲಿ "ಗಟ್ಟಿ ಕಾಲು" ತನಕ ಬಂದಿದೆ. ಒತ್ತಕ್ಷರ ಬಿಡಿಬಿಡಿಯಾಗಿ ಕಾಣಬೇಕಾದರೆ ಅಕ್ಷರ ಎರಡಿಂಚು ಎತ್ತರ ಇರಲೇಬೇಕು, ಒಂದೂವರೆ ಸಾಲದು. ಬಿಳಿ ದಾರ ಮುಗಿದಿದೆ, ಶನಿವಾರ ತರಬೇಕು. ಅದಾದ ಮೇಲೆ ಹಿಂಬದಿಗೆ ಅವ್ವನ ಇನ್ನೊಂದು ಹಳೆ ಸೀರೆ, ನಡುವೆ ಎರಡು ಪದರ ಧೋತರ, ಮತ್ತೆ ಅಂಚಿನಿಂದ ನಡುವಿಗೆ ಸುತ್ತು ಹೊಲಿಗೆ.